ನೇತ್ರಾಣಿಯಲ್ಲಿ ಕಂಡ ಮುರು ಮೀನು

ನಾನು ಹುಟ್ಟಿದ್ದು ಕುಂದಾಪುರದ ಹತ್ತಿರ. ಮನೆಯಿಂದ ಕಡಲಿಗೆ ಹತ್ತು ನಿಮಿಷದ ನಡಿಗೆ. ರಾತ್ರಿ ಮಲಗಿದರೆ ಅಲೆಯ ಸದ್ದು ಕೇಳುತ್ತಿತ್ತು. ವಾರದಲ್ಲಿ ಐದು ದಿನ ಮೀನು ಸಾರು. ಆದರೂ ನಲವತ್ತೊಂದು ವರ್ಷ ಆಗುವ ತನಕ ಕಡಲಲ್ಲಿ ಈಜುವ ಒಂದು ಮೀನನ್ನೂ ನಾನು ನೋಡಿರಲಿಲ್ಲ. ನೋಡಿದ್ದೆಲ್ಲ ಬುಟ್ಟಿಯಲ್ಲಿ, ಇಲ್ಲವೇ ತಟ್ಟೆಯಲ್ಲಿ. ನಮ್ಮೂರಿನ ಹೆಚ್ಚಿನ ಹೆಂಗಸರ ಕಥೆ ಇದೇ. ಕಡಲು ಗಂಡಸರದ್ದು. ಮೀನು ದಡಕ್ಕೆ ಬಂದ ಮೇಲೆ ನಮ್ಮದು.

ಕಳೆದ ಜನವರಿಯಲ್ಲಿ ಊರಿಗೆ ಹೋದಾಗ ತಮ್ಮ ಹೇಳಿದ, "ಅಕ್ಕ, ಈ ಸಲ ನೇತ್ರಾಣಿಗೆ ಹೋಗುವ." ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಕಡಲ ಮಧ್ಯದ ಗುಡ್ಡ ಅದು. ದೊಡ್ಡ ಗುಂಪಿನ ಜೊತೆ ಹೋಗುವುದು ಬೇಡ, ಮಕ್ಕಳು ಹೆದರಿದರೆ ಕಷ್ಟ ಅಂತ ಒಂದು ಚಿಕ್ಕ ಬೋಟನ್ನು ನಮಗೇ ಅಂತ ಗೊತ್ತುಮಾಡಿದ. ನಾನು, ನನ್ನ ಗಂಡ, ಮಗಳು, ತಮ್ಮ, ಅವನ ಮಗ. ಆರನೆಯವಳು ಅಮ್ಮ. ನಾವು ಕರೆದಿರಲಿಲ್ಲ. ಹಿಂದಿನ ರಾತ್ರಿ ತಾನೇ ಚೀಲಕ್ಕೆ ಒಂದು ಸೀರೆ ತುಂಬಿಸಿ, "ನಾನ್ ಬೋಟಂಗೆ ಕೂಕಂತೆ" ಅಂದಳು. ಅಮ್ಮನಿಗೆ ಅರವತ್ತೇಳು. ನನ್ನ ಅಜ್ಜಯ್ಯ ರಂಪಣಿಗೆ, ಅಂದರೆ ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆಗೆ, ಹೋಗುತ್ತಿದ್ದವರು. ಆದರೆ ಅಮ್ಮನೂ ಅಲ್ಲಿಯವರೆಗೆ ಬೋಟು ಹತ್ತಿದವಳಲ್ಲ.

ಬೆಳಿಗ್ಗೆ ಏಳೂವರೆಗೆ ಹೊರಟೆವು. ತಿಂಡಿ ಜಾಸ್ತಿ ತಿನ್ನಬೇಡಿ, ಎರಡು ಇಡ್ಲಿ ಸಾಕು ಅಂತ ಮೊದಲೇ ಹೇಳಿದ್ದರು. ಅರ್ಧ ಗಂಟೆ ಮುಂಚೆ ವಾಂತಿ ಬಾರದ ಹಾಗೆ ಅವೊಮಿನ್ ಮಾತ್ರೆ ನುಂಗಿದ್ದೆವು. ದಡದಲ್ಲಿ ನಿಂತರೆ ಕತ್ತೆತ್ತಿ ನೋಡಬೇಕಾದ 123 ಅಡಿಯ ಶಿವ, ಬೋಟು ದೂರ ಹೋದ ಹಾಗೆ ಹೆಬ್ಬೆರಳಷ್ಟಾದ. ಆಮೇಲೆ ಪಕ್ಕದ ಗೋಪುರ ಒಂದು ಕಡ್ಡಿಯಾಯಿತು. ಆಮೇಲೆ ಅದೂ ಇಲ್ಲ. ಬರೀ ನೀರು.

ಅರ್ಧ ದಾರಿಯಲ್ಲಿ ನನ್ನ ಹೊಟ್ಟೆ ತೊಳೆಸತೊಡಗಿತು. ಬೋಟಿನವರು ಗಮನಿಸಿದರು. "ಅಕ್ಕ, ಕೆಳಗೆ ನೋಡಬೇಡಿ. ಮೊಬೈಲ್ ಒಳಗಿಡಿ. ದೂರ ಗುಡ್ಡ ಕಾಣ್ತದಲ್ಲ, ಅದನ್ನೇ ನೋಡ್ತಾ ಇರಿ, ಎಂತಾ ಆಗೂದಿಲ್ಲ." ಹಾಗೇ ಮಾಡಿದೆ. ನಿಜವಾಗಿಯೂ ಕಡಿಮೆಯಾಯಿತು. ಅಲುಗಾಡದ ಒಂದು ವಸ್ತುವಿನ ಮೇಲೆ ಕಣ್ಣಿಟ್ಟರೆ ತಲೆ ಸುತ್ತು ಇಳಿಯುತ್ತದೆ. ಮೊದಲ ಸಲ ಹೋಗುವವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ಗುಡ್ಡ ಹತ್ತಿರ ಬಂದಾಗ ಬೋಟಿನವರು ಇಂಜಿನ್ ಸಣ್ಣ ಮಾಡಿ, ಚಪ್ಪಲಿ ಬಿಟ್ಟು, ಮುಂದಕ್ಕೆ ನಿಂತು ಕೈಮುಗಿದರು. ಮೇಲೆ ಜಟ್ಟಿಗ ಅನ್ನುವ ದೈವದ ಸ್ಥಾನ ಇದೆಯಂತೆ. ಮೀನುಗಾರರು ಹರಕೆ ಹೊತ್ತು ಕುರಿ, ಆಡು ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಅಮ್ಮ ಕೂತಲ್ಲೇ ಸೆರಗು ಹೊದ್ದು ಕೈಮುಗಿದಳು. ಪ್ರವಾಸಿಗಳು ಗುಡ್ಡ ಹತ್ತುವಂತಿಲ್ಲ. ಹಿಂದೆ ನೌಕಾಪಡೆಯವರು ಇದೇ ಗುಡ್ಡಕ್ಕೆ ಗುರಿಯಿಟ್ಟು ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿದ್ದರು ಅಂತ ಓದಿದ್ದೆ. ಆ ಕಲ್ಲಿನ ಗೋಡೆಯನ್ನು, ಅದರ ಮೇಲೆ ಸುತ್ತುತ್ತಿದ್ದ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಎದುರಿಗೆ ನೋಡಿದಾಗ ಆ ವಿಷಯ ನೆನಪಾಗಿ ಸಂಕಟವಾಯಿತು.

ಗುಡ್ಡದ ಮರೆಯಲ್ಲಿ ನೀರು ಸುಮ್ಮನೆ ಮಲಗಿತ್ತು. ಲಂಗರು ಹಾಕುವ ಮೊದಲು ಜೊತೆಗಿದ್ದ ಗೈಡ್ ಹುಡುಗ ಕೆಳಗೆ ಹವಳ ಇಲ್ಲದ ಜಾಗ ನೋಡಿಕೊಂಡ. ನನಗೆ ಅದು ಇಷ್ಟವಾಯಿತು. ಹವಳ ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಅದು ಸಾವಿರಾರು ಸಣ್ಣ ಪ್ರಾಣಿಗಳು ಸೇರಿ ಕಟ್ಟಿದ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಮೊದಲ ಪಟ್ಟಿಯಲ್ಲೇ ಹವಳವೂ ಇದೆ. ಒಂದು ಲಂಗರು ಬಿದ್ದರೆ ಹತ್ತಾರು ವರ್ಷ ಬೆಳೆದದ್ದು ಒಂದೇ ಏಟಿಗೆ ಹೋಗುತ್ತದೆ.

ನನಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್, ಕಣ್ಣು ಮೂಗು ಮುಚ್ಚುವ ಮಾಸ್ಕ್, ಬಾಯಲ್ಲಿ ಉಸಿರಾಡುವ ಕೊಳವೆ ಹಾಕಿ, ಏಣಿ ಹಿಡಿದು ನೀರಿಗೆ ಇಳಿದೆ. ಮೊದಲ ಐದು ನಿಮಿಷ ಬಹಳ ಕಷ್ಟವಾಯಿತು. ಮುಖ ನೀರಿಗೆ ಇಟ್ಟ ಕೂಡಲೇ ಎದೆ ಬಿಗಿದು ತಲೆ ಮೇಲೆ ಬರುತ್ತಿತ್ತು. ಮಾಸ್ಕ್ ಒಳಗೆ ನೀರು ಬೇರೆ. ಹುಡುಗ ನೋಡಿದ, ನನ್ನ ಹಣೆಯ ಹತ್ತಿರ ಎರಡು ಕೂದಲು ಮಾಸ್ಕಿನ ರಬ್ಬರಿನ ಕೆಳಗೆ ಸಿಕ್ಕಿಕೊಂಡಿದ್ದವು. ಅಷ್ಟೇ ಸಾಕಂತೆ ನೀರು ಒಳಗೆ ಬರಲು. ಕೂದಲು ಹಿಂದೆ ಸರಿಸಿ, ಮಾಸ್ಕ್ ಮತ್ತೆ ಕೂರಿಸಿ, "ಅಕ್ಕ, ಮೂಗು ಮರೆತುಬಿಡಿ. ಬಾಯಲ್ಲೇ ಉಸಿರು. ನಿಧಾನ ತಗೊಳ್ಳಿ, ಅದಕ್ಕಿಂತ ನಿಧಾನ ಬಿಡಿ. ಕೊಳವೆಗೆ ನೀರು ಬಂದ್ರೆ ಜೋರು ಊದಿ" ಅಂದ. ಅವನು ಹಿಡಿದಿದ್ದ ತೇಲುವ ರಿಂಗಿಗೆ ಕೈ ಕೊಟ್ಟು, ಕಣ್ಣು ಮುಚ್ಚಿ ಮುಖ ಇಟ್ಟೆ. ನನ್ನದೇ ಉಸಿರು ಕೊಳವೆಯಲ್ಲಿ ದೊಡ್ಡದಾಗಿ ಕೇಳಿಸಿತು. ಹತ್ತು ಎಣಿಸಿದೆ. ಆಮೇಲೆ ಕಣ್ಣು ಬಿಟ್ಟೆ.

ಮೊದಲು ಬಂದದ್ದು ಸದ್ದು. ಕಡಲ ಒಳಗೆ ಮೌನ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ನಾಲ್ಕೂ ಕಡೆಯಿಂದ ಚಟಪಟ. ಕಲ್ಲು ಸಂದಿಯಲ್ಲಿರುವ ಒಂದು ಜಾತಿಯ ಪುಟ್ಟ ಸಿಗಡಿಗಳು ಇಕ್ಕಳದ ಹಾಗಿರುವ ತಮ್ಮ ಕೊಂಡಿ ಮುಚ್ಚುವ ಸದ್ದು ಅದು ಅಂತ ಆಮೇಲೆ ಗೊತ್ತಾಯಿತು. ಬೆರಳುದ್ದ ಇಲ್ಲದ ಪ್ರಾಣಿ, ಇಡೀ ಕಡಲಿಗೆ ಒಗ್ಗರಣೆ ಹಾಕುತ್ತಿತ್ತು.

ಆಮೇಲೆ ಬೆಳಕು. ಬಿಸಿಲು ನೀರಿನೊಳಗೆ ದಾರದ ಹಾಗೆ ಇಳಿದು ಕೆಳಗಿನ ಬಂಡೆಗಳ ಮೇಲೆ ಬಲೆಯ ಹಾಗೆ ಓಡಾಡುತ್ತಿತ್ತು. ಬಂಡೆಯ ಪಕ್ಕ ಹಳದಿ ಮೀನುಗಳ ಹಿಂಡು. ನಾನು ಹತ್ತಿರ ಹೋದರೂ ಅವು ಓಡಲಿಲ್ಲ. ನಡುವಿನಲ್ಲಿ ಸ್ವಲ್ಪ ಜಾಗ ಬಿಟ್ಟುಕೊಟ್ಟವು, ಅಷ್ಟೇ. ಒಂದು ಗಿಳಿ ಮೀನು ಹವಳವನ್ನು ಹಲ್ಲಿನಿಂದ ಕೆರೆದು ತಿನ್ನುತ್ತಿತ್ತು. ಆ ಕರಕರ ಸದ್ದೂ ಕೇಳಿಸಿತು. ತಿಂದ ಹವಳದ ಸುಣ್ಣವನ್ನು ಅದು ಸಣ್ಣ ಮರಳಾಗಿ ಹೊರಗೆ ಬಿಡುತ್ತದೆ. ನನ್ನ ಕಣ್ಣೆದುರೇ ಒಂದು ಬಿಳಿ ಮೋಡ ಬಿಟ್ಟು ಮುಂದೆ ಹೋಯಿತು.

ಹುಡುಗ ನನ್ನ ಭುಜ ತಟ್ಟಿ ಒಂದು ಸಂದಿ ತೋರಿಸಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಆ ಕತ್ತಲಿಗೆ ಒಂದು ಕಣ್ಣು ಬಂತು. ಕಂದು ಮೈ, ಮೇಲೆಲ್ಲ ಕಿತ್ತಳೆ ಬಣ್ಣದ ಚುಕ್ಕಿ, ಮುಂದಕ್ಕೆ ಚಾಚಿದ ದಪ್ಪ ಕೆಳತುಟಿ. ನನ್ನ ತೋಳಿನಷ್ಟು ಉದ್ದ ಇತ್ತು. ಮಾಸ್ಕ್ ಒಳಗಿಂದ ನೋಡಿದರೆ ನೀರಿನಲ್ಲಿ ಎಲ್ಲವೂ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದಂತೆ, ಆ ಲೆಕ್ಕ ಬಿಟ್ಟರೂ ದೊಡ್ಡ ಮೀನೇ. ಅದು ಅಲ್ಲಾಡದೆ ನಿಂತಿತ್ತು. ಪಕ್ಕದ ಎರಡು ರೆಕ್ಕೆ ಮಾತ್ರ ಬೀಸಣಿಗೆಯ ಹಾಗೆ ಮೆಲ್ಲಗೆ ಆಡುತ್ತಿದ್ದವು. ಬೆರಳುದ್ದದ ಒಂದು ನೀಲಿ ಪಟ್ಟೆಯ ಮೀನು ಬಂದು, ಅದರ ಕಿವಿರಿನ ಒಳಗೆ ಹೋಗಿ, ಏನನ್ನೋ ಹೆಕ್ಕಿ ಹೊರಗೆ ಬಂತು. ದೊಡ್ಡದು ಕಿವಿರು ತೆರೆದು ಕಾದಿತ್ತು, ಅಮ್ಮನ ಎದುರು ತಲೆ ಬಾಗಿಸಿ ಹೇನು ತೆಗೆಸಿಕೊಳ್ಳುವ ಮಗುವಿನ ಹಾಗೆ. ನಾನು ಎಡಕ್ಕೆ ಸರಿದೆ. ಅದರ ಕಣ್ಣೂ ಎಡಕ್ಕೆ ತಿರುಗಿತು. ಬಲಕ್ಕೆ ಬಂದೆ. ಕಣ್ಣೂ ಬಂತು. ಒಂದು ಮೀನು ನನ್ನನ್ನು ನೋಡುತ್ತಿದೆ ಅನ್ನುವುದು ನನ್ನ ಜೀವನದಲ್ಲಿ ಮೊದಲ ಸಲ ಗೊತ್ತಾಯಿತು.

ತಲೆ ಎತ್ತಿ ಬೋಟಿಗೆ ಕೂಗಿದೆ. "ಅಮ್ಮಾ! ದೊಡ್ಡ ಮೀನು! ಕಂದು ಬಣ್ಣ, ಕೆಂಪು ಚುಕ್ಕಿ!"

ಅಮ್ಮ ಅಂಚಿಗೆ ಬಂದಳು. "ಬಾಯಿ ಹ್ಯಾಂಗ್ ಇತ್ತ್?"

"ದೊಡ್ಡ ಬಾಯಿ. ಕೆಳತುಟಿ ಮುಂದೆ."

"ಕಲ್ಲಿನ ಸಂದಿಯಂಗೆ ಇತ್ತಾ? ಹಂಗಾರೆ ಅದ್ ಮುರು ಮಾರಾಯ್ತಿ."

ಮುರು. ನಾನು ಎಷ್ಟು ಸಲ ತಿಂದಿದ್ದೇನೆ! ಮುಳ್ಳು ಕಡಿಮೆ ಅಂತ ಚಿಕ್ಕವಳಿದ್ದಾಗ ಅಮ್ಮ ನನಗೆ ಅದರ ತುಂಡನ್ನೇ ಹಾಕುತ್ತಿದ್ದಳು. ಆ ಹೆಸರು ಕೇಳಿದ ಮೇಲೆ ಮತ್ತೆ ಮುಖ ಇಟ್ಟು ನೋಡಿದೆ. ಅದು ಅಲ್ಲೇ ಇತ್ತು. "ಈ ಸಂದಿ ಅದರದ್ದೇ ಅಕ್ಕ. ಹೋದ ವರ್ಷನೂ ಇಲ್ಲೇ ಇತ್ತು" ಅಂದ ಹುಡುಗ.

ಆಮೇಲೆ ಅದೇ ನಮ್ಮ ಆಟವಾಯಿತು. ನಾವು ಐದು ಜನ ನೋಡಿ ಬಂದು ಹೇಳುವುದು, ಅಮ್ಮ ಹೆಸರು ಹೇಳುವುದು. ತಮ್ಮ ಹೇಳಿದ ಕೆಂಪು ಮೀನು ಕೆಂಬೇರಿ. ಮಗಳು ಕಂಡ ಹಳದಿ ಬಿಳಿ ಪಟ್ಟೆಯ, ಚಿಟ್ಟೆಯ ಹಾಗೆ ಚಪ್ಪಟೆ ಇದ್ದ ಮೀನಿಗೆ ಮಾತ್ರ ಅಮ್ಮನ ಹತ್ತಿರ ಹೆಸರಿರಲಿಲ್ಲ. ತುಂಬ ಹೊತ್ತು ಯೋಚಿಸಿ, "ಅದನ್ನ ತಿಂಬುಕ್ ಆತಿಲ್ಲ. ಹಂಗಾಯಿ ನಂಗ್ ಗೊತ್ತಿಲ್ಲ" ಅಂದಳು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹಿಂದೆ ಬರುವ ಮುಂಚೆ ಹುಡುಗ ಒಂದು ಬಂಡೆಯ ಹತ್ತಿರ ಮೂರು ಸಲ ಮುಳುಗಿ ಬಂದ. ಹವಳಕ್ಕೆ ಸುತ್ತಿಕೊಂಡಿದ್ದ ಹಸಿರು ನೈಲಾನ್ ಬಲೆಯ ತುಂಡನ್ನು ಚಾಕುವಿನಿಂದ ಕೊಯ್ದು ಮೇಲೆ ತಂದ. ಎಲ್ಲಿಂದಲೋ ಹರಿದು ತೇಲಿ ಬಂದದ್ದು. ಅದರೊಳಗೆ ಒಂದು ಏಡಿ ಜೀವಂತ ಸಿಕ್ಕಿಕೊಂಡಿತ್ತು. ಅವನು ಬಲೆ ಕತ್ತರಿಸಲು ಹೊರಟರೆ ಅಮ್ಮ ತಡೆದಳು. ಬಲೆಯನ್ನು ಮಡಿಲಿಗೆ ಎಳೆದುಕೊಂಡಳು. ಏಡಿಯ ಬೆನ್ನನ್ನು ಹಿಂದಿನಿಂದ ಎರಡು ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಒಂದೊಂದೇ ಕಣ್ಣಿಯನ್ನು ಕಾಲಿನಿಂದ ಜಾರಿಸುತ್ತಾ ಹೋದಳು. ಒಂದು ಕಾಲೂ ಮುರಿಯಲಿಲ್ಲ. ಅಜ್ಜಯ್ಯನ ಬಲೆ ಬಿಡಿಸಿದ ಕೈ ಅದು. "ನಮ್ಮ ಕಾಲದ ಬಲೆ ಹತ್ತಿ ನೂಲಿಂದು, ನೀರಿಗೆ ಬಿದ್ರೆ ಕೊಳೀತಿತ್ತ್" ಅಂದಳು. ನೈಲಾನ್ ಕೊಳೆಯುವುದಿಲ್ಲ. ಹಿಡಿಯುವ ಮನುಷ್ಯ ಮರೆತರೂ ಬಲೆ ವರ್ಷಗಟ್ಟಲೆ ಹಿಡಿಯುತ್ತಲೇ ಇರುತ್ತದೆ. ಏಡಿಯನ್ನು ಅಮ್ಮ ಅಂಚಿನಿಂದ ಬಗ್ಗಿ ನೀರಿಗೆ ಬಿಟ್ಟಳು, ಎಸೆಯಲಿಲ್ಲ.

ಹೊರಡುವಾಗ ಬೋಟಿನವರು ಗುಡ್ಡಕ್ಕೆ ಒಂದು ಸುತ್ತು ಹಾಕಿದರು. ಪಡುವಣ ಬದಿ ಬೇರೆಯೇ ಲೋಕ. ತೆರೆದ ಕಡಲಿನ ಅಲೆ ನೇರ ಬಂದು ಬಡಿಯುವ ಕಡೆ. ಕಪ್ಪು ಬಂಡೆಯ ಬುಡದಲ್ಲಿ ಗುಹೆಯ ಬಾಯಿ. ದೂರದಲ್ಲೇ ನಿಲ್ಲಿಸಿದರು. ತಮ್ಮನ ಮಗ ಒಳಗೆ ಹೋಗೋಣ ಅಂತ ಹಟ ಹಿಡಿದ. "ಒಳಗೆ ಹೋಗೂದು ಸುಲಭ ಮಗಾ. ಅಲೆ ಹೊರಗೆ ಬರೂಕೆ ಬಿಡೂದಿಲ್ಲ" ಅಂದರು ಬೋಟಿನವರು.

ಅಲೆಯೊಂದು ಗುಹೆಯೊಳಗೆ ಹೋಗುವುದನ್ನು ನೋಡಿದೆವು. ಹೋಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗಿನಿಂದ ಧುಮ್ ಅಂತ ಎದೆಗೇ ಬಡಿಯುವ ಸದ್ದು. ಕೂಡಲೇ ಬಿಳಿ ಹನಿಗಳ ಹೊಗೆ ಹೊರಗೆ ನುಗ್ಗಿತು. ಗುಹೆ ಹುಟ್ಟುವುದೂ ಹೀಗೆಯೇ. ಬಂಡೆಯಲ್ಲಿ ಒಂದು ಬಿರುಕು ಇದ್ದರೆ ಅಲೆ ಅದರೊಳಗಿನ ಗಾಳಿಯನ್ನು ಒತ್ತುತ್ತದೆ. ಅಲೆ ಹಿಂದೆ ಸರಿದಾಗ ಆ ಗಾಳಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಒತ್ತುವುದು, ಬಿಡುವುದು, ಹಗಲು ರಾತ್ರಿ. ಬಿರುಕು ಸಂದಿಯಾಗಿ, ಸಂದಿ ಕೋಣೆಯಾಗುತ್ತದೆ. ಆ ಹೊಗೆಯ ನಡುವಿನಿಂದ ಪುಟ್ಟ ಕಪ್ಪು ಹಕ್ಕಿಗಳು ಬಾಣದ ಹಾಗೆ ಒಳಗೂ ಹೊರಗೂ ಹಾರುತ್ತಿದ್ದವು. ತಮ್ಮ ಎಂಜಲಿನಿಂದಲೇ ಗೂಡು ಅಂಟಿಸುವ ಜಾತಿಯವು. ಗುಹೆಯ ಕತ್ತಲಲ್ಲಿ ಅವು ಟಿಕ್ ಟಿಕ್ ಅಂತ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ದಾರಿ ಹುಡುಕುತ್ತವೆ. ಅಷ್ಟು ಅಬ್ಬರದ ಜಾಗದಲ್ಲಿ ಅಷ್ಟು ಸಣ್ಣ ಸದ್ದನ್ನು ನಂಬಿ ಮರಿ ಸಾಕುವ ಹಕ್ಕಿ! ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ನಾವ್ಯಾರೂ ಆಡಲಿಲ್ಲ.

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ನಮ್ಮ ಶಾಲೆಯಿಂದ ಜೋಗಕ್ಕೆ ಕರೆದುಕೊಂಡು ಹೋಗಿದ್ದರು, ಹಂಪಿಗೂ ಹೋಗಿದ್ದೆವು. ಪಕ್ಕದ ಕಡಲಿನೊಳಗೆ ಏನಿದೆ ಅಂತ ಯಾರೂ ತೋರಿಸಲಿಲ್ಲ. ಕರಾವಳಿಯ ಪ್ರತಿಯೊಂದು ಮಗುವೂ, ಅದರಲ್ಲೂ ಹೆಣ್ಣುಮಕ್ಕಳು, ಒಂದು ಸಲವಾದರೂ ಮಾಸ್ಕ್ ಹಾಕಿ ನಮ್ಮ ಕಡಲಿಗೆ ಮುಖ ಇಡಬೇಕು. ಲೈಫ್ ಜಾಕೆಟ್ ಇರಲಿ, ಜೊತೆಗೆ ಗೊತ್ತಿದ್ದವರು ಇರಲಿ. ಹತ್ತು ನಿಮಿಷ ಸಾಕು.

ಸಂಜೆ ಮನೆಗೆ ಬಂದಾಗ ಬೆನ್ನು ಬಿಸಿಲಿಗೆ ಉರಿಯುತ್ತಿತ್ತು. ಅಮ್ಮ ತೆಂಗಿನೆಣ್ಣೆ ಹಚ್ಚಿದಳು. ಕಣ್ಣು ಮುಚ್ಚಿದರೆ ಹಾಸಿಗೆಯೇ ತೇಲುತ್ತಿತ್ತು.

ಮರುದಿನ ಬೆಳಿಗ್ಗೆ ಮೀನಿನ ಹೆಂಗಸು ಬಂದು ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಮೇಲೆ ಬಂಗುಡೆ. ಅದನ್ನು ಸರಿಸಿದರೆ ಕೆಳಗೆ ಒಂದು ಮುರು, ಮೊಳದುದ್ದ. ಅಮ್ಮ ನನ್ನನ್ನು ಒಳಗಿನಿಂದ ಕರೆದಳು. "ನೀನ್ ಕಂಡದ್ದ್ ಇದೇ ಅಲ್ದಾ?"

ಬಗ್ಗಿ ನೋಡಿದೆ. ಅದೇ ತುಟಿ, ಅದೇ ರೆಕ್ಕೆ. ಚುಕ್ಕಿಗಳ ಕಿತ್ತಳೆ ಬಣ್ಣ ಮಾತ್ರ ಹೋಗಿ ಬೂದಿಯಾಗಿತ್ತು. ಕಣ್ಣು ಒಂದೇ ಕಡೆ ನೋಡುತ್ತಿತ್ತು. ನಾನು ಎಡಕ್ಕೆ ಸರಿದು ನೋಡಿದೆ, ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಬಂಗುಡೆ ಕೊಡ್" ಅಂದಳು ಅಮ್ಮ, ಮೀನಿನ ಹೆಂಗಸಿಗೆ. "ಮುರು ಇವತ್ತ್ ಬ್ಯಾಡ."