ಮಾದರಿ ತುಣುಕಿನಲ್ಲಿ ಕೇಳಿಸದ ಸಂಗತಿಗಳು

ರೆಕಾರ್ಡ್ ವಿತರಣೆ ಮಾಡುವ ಸಂಸ್ಥೆಯೊಂದರಲ್ಲಿ ಸೋಲ್‌ಫುಲ್ ಹೌಸ್, ಅಂದರೆ ಭಾವಪೂರ್ಣ ಗಾಯನಕ್ಕೆ ಒತ್ತು ಕೊಡುವ ಕ್ಲಬ್ ನೃತ್ಯಸಂಗೀತದ ವಿಭಾಗವನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಹೊಸದಾಗಿ ಹೊರಬರುವ ಮತ್ತು ಮರುಬಿಡುಗಡೆಯಾಗುವ ಹನ್ನೆರಡು ಇಂಚಿನ ರೆಕಾರ್ಡ್‌ಗಳನ್ನು ಆಲಿಸಿ, ಯಾವುದನ್ನು ತರಿಸಬೇಕು, ಎಷ್ಟು ಪ್ರತಿ ತರಿಸಬೇಕು ಎಂದು ನಿರ್ಧರಿಸಿ, ಬಳಿಕ ಪ್ರತಿಯೊಂದಕ್ಕೂ ಏಳೆಂಟು ಸಾಲಿನ ಟಿಪ್ಪಣಿ ಬರೆಯುತ್ತೇನೆ. ಅದನ್ನು ಓದುವವರಲ್ಲಿ ಬಹುಪಾಲು ಜನ ಕ್ಲಬ್‌ಗಳಲ್ಲಿ ನುಡಿಸುವ ಡಿಜೆಗಳು. ಟಿಪ್ಪಣಿಯ ಪಕ್ಕದಲ್ಲಿಯೇ ಒಂದೆರಡು ನಿಮಿಷದ ಮಾದರಿ ತುಣುಕು ಇರುತ್ತದೆ, ಅದನ್ನು ಕೇಳಿದರೆ ಹಾಡು ಹೇಗಿದೆ ಎಂಬುದು ಅವರಿಗೇ ಗೊತ್ತಾಗುತ್ತದೆ. ಹೀಗಿರುವಾಗ ಬರಹ ಮಾಡಬೇಕಾದ ಕೆಲಸವೇನು ಎಂಬ ಪ್ರಶ್ನೆಗೆ ಈ ಉದ್ಯೋಗವೇ ನನಗೆ ಉತ್ತರ ಕೊಟ್ಟಿದೆ: ತುಣುಕಿನಲ್ಲಿ ಕೇಳಿಸುವುದನ್ನು ವರ್ಣಿಸುವುದಕ್ಕಿಂತ, ಅದರಲ್ಲಿ ಕೇಳಿಸದೆ ಉಳಿಯುವುದನ್ನು ತಿಳಿಸಬೇಕು.

ಈ ಪ್ರಕಾರದಲ್ಲಿ ವರ್ಣನೆ ಬಹುಬೇಗ ಸವೆದುಹೋಗುತ್ತದೆ. ನಿಮಿಷಕ್ಕೆ 118ರಿಂದ 125 ಮಾತ್ರೆಗಳ ಆಸುಪಾಸಿನ ತಾಳ, ಪ್ರತಿ ಮಾತ್ರೆಗೂ ಬೀಳುವ ಕಿಕ್ ಡ್ರಮ್, ಎಲೆಕ್ಟ್ರಿಕ್ ಪಿಯಾನೋದ ಸ್ವರಗುಚ್ಛಗಳು, ಚರ್ಚಿನ ಭಕ್ತಿಗಾಯನವಾದ ಗಾಸ್ಪೆಲ್ ಸಂಪ್ರದಾಯದಿಂದ ಬಂದ ಕಂಠ ಇವೆಲ್ಲ ಬಹುತೇಕ ಪ್ರತಿ ರೆಕಾರ್ಡ್‌ನಲ್ಲಿಯೂ ಇರುತ್ತವೆ. ಷಿಕಾಗೋದ ವೇರ್‌ಹೌಸ್ ಕ್ಲಬ್‌ನಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ನುಡಿಸಿದ್ದರಲ್ಲಿಯೂ, ಅದೇ ವರ್ಷದಿಂದ 1987ರವರೆಗೆ ನ್ಯೂಯಾರ್ಕಿನ ಕಿಂಗ್ ಸ್ಟ್ರೀಟ್‌ನಲ್ಲಿದ್ದ ಪ್ಯಾರಡೈಸ್ ಗರಾಜ್‌ನಲ್ಲಿ ಲ್ಯಾರಿ ಲೆವಾನ್ ನುಡಿಸಿದ್ದರಲ್ಲಿಯೂ, ನ್ಯೂಜೆರ್ಸಿಯ ನ್ಯೂಆರ್ಕ್ ನಗರದ ಝಾಂಜಿಬಾರ್‌ನಲ್ಲಿ ಟೋನಿ ಹಂಫ್ರೀಸ್ ಬೆಳೆಸಿದ ಶೈಲಿಯಲ್ಲಿಯೂ ಈ ಸಂಗೀತದ ಬೇರುಗಳಿವೆ. ಕಪ್ಪು ಮತ್ತು ಲ್ಯಾಟಿನೋ ಸಮುದಾಯಗಳ, ಅದರಲ್ಲಿಯೂ ಸಲಿಂಗಿಗಳ ನೃತ್ಯರಾತ್ರಿಗಳಲ್ಲಿ ಅದು ಬೆಳೆಯಿತು. ಆ ಪರಂಪರೆಯನ್ನು ಬಲ್ಲ ಓದುಗನಿಗೆ ‘ಬೆಚ್ಚಗಿನ ಕೀಬೋರ್ಡ್, ಮನಮುಟ್ಟುವ ಗಾಯನ’ ಎಂದು ಬರೆದರೆ ಏನನ್ನೂ ತಿಳಿಸಿದಂತಾಗುವುದಿಲ್ಲ. ಆ ಮಾತು ಕಪಾಟಿನಲ್ಲಿರುವ ಯಾವ ರೆಕಾರ್ಡ್‌ಗೂ ಒಪ್ಪುತ್ತದೆ.

ಹಾಗಾದರೆ ತುಣುಕು ಮುಚ್ಚಿಡುವುದೇನು? ಮೊದಲನೆಯದು ಹಾಡಿನ ರಚನೆ. ತುಣುಕನ್ನು ಸಾಮಾನ್ಯವಾಗಿ ಗಾಯನ ತುಂಬಿಕೊಂಡ ಜಾಗದಿಂದಲೇ ಕತ್ತರಿಸಲಾಗುತ್ತದೆ. ಡಿಜೆಗೆ ಬೇಕಾಗಿರುವುದು ಅದಕ್ಕೆ ಮುಂಚಿನ ಹಾಗೂ ನಂತರದ ಭಾಗಗಳ ವಿವರ. ನಿಮಿಷಕ್ಕೆ 120ರ ತಾಳದಲ್ಲಿ ನಾಲ್ಕು ಮಾತ್ರೆಯ ಒಂದು ಆವರ್ತಕ್ಕೆ ಸರಿಯಾಗಿ ಎರಡು ಸೆಕೆಂಡು ಹಿಡಿಯುತ್ತದೆ. ಅಂದರೆ ಬರಿಯ ತಾಳವಾದ್ಯದ ಆರಂಭ 16 ಆವರ್ತವಿದ್ದರೆ ಎರಡು ರೆಕಾರ್ಡ್‌ಗಳನ್ನು ಬೆಸೆಯಲು 32 ಸೆಕೆಂಡು ಸಿಗುತ್ತದೆ, 32 ಆವರ್ತವಿದ್ದರೆ ಒಂದು ನಿಮಿಷಕ್ಕೂ ಮಿಗಿಲಾದ ಕಾಲ ಸಿಗುತ್ತದೆ. ಆರಂಭದಲ್ಲಿಯೇ ಕೀಬೋರ್ಡ್ ಇದ್ದರೆ ಅದರ ಶ್ರುತಿ ಹಿಂದಿನ ಹಾಡಿನ ಶ್ರುತಿಗೆ ಹೊಂದಬೇಕಾಗುತ್ತದೆ. ಈ ವಿವರಗಳನ್ನು ಒಂದೇ ಸಾಲಿನಲ್ಲಿ ಬರೆಯಬಹುದು, ಆದರೆ ಬರೆಯಬೇಕಾದರೆ ರೆಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳಿರಬೇಕು. ತಾಳದ ಸ್ಥಿರತೆಯ ವಿಚಾರವೂ ಹೀಗೆಯೇ. 70ರ ದಶಕದ ಡಿಸ್ಕೋ ಧ್ವನಿಮುದ್ರಣಗಳಲ್ಲಿ ಡ್ರಮ್ ನುಡಿಸಿದವರು ಮನುಷ್ಯರು, ಆದ್ದರಿಂದ ಭಾವ ಏರಿದಂತೆ ತಾಳವೂ ಸ್ವಲ್ಪ ಏರುತ್ತದೆ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ರಂಥ ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಎಂಟು ಶೇಕಡಾದಷ್ಟು ಹೆಚ್ಚು ಕಡಿಮೆ ಮಾಡಬಹುದಾದ್ದರಿಂದ 120ರ ಹಾಡು ಸುಮಾರು 110ರಿಂದ 130ರವರೆಗೆ ಎಳೆತಕ್ಕೆ ಸಿಗುತ್ತದೆ ನಿಜ. ಆದರೆ ನಡುವೆ ಜಾರುವ ತಾಳಕ್ಕೆ ಕೈ ಸದಾ ಕಾವಲಿರಬೇಕು, ಅದನ್ನು ಮುಂಚಿತವಾಗಿಯೇ ತಿಳಿಸುವುದು ಟಿಪ್ಪಣಿಕಾರನ ಕರ್ತವ್ಯ.

ತುಣುಕು ಮುಚ್ಚಿಡುವ ಇನ್ನೊಂದು ಸಂಗತಿ ರೆಕಾರ್ಡಿನ ಎರಡನೆಯ ಬದಿ, ಅದರ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಯಾವುದೇ ರೆಕಾರ್ಡ್ ಬಂದರೂ ಮೊದಲು ಅದನ್ನು ಮಗುಚಿ ಬಿ ಬದಿಯನ್ನೇ ಕೇಳುತ್ತಿದ್ದರು. ಎ ಬದಿಯ ಹಾಡನ್ನು ಎಲ್ಲರೂ ಕೇಳಿಯೇ ಕೇಳುತ್ತಾರೆ, ನೃತ್ಯದಂಗಳದ ನಡುರಾತ್ರಿಯನ್ನು ಹೊತ್ತು ನಿಲ್ಲುವುದು ಬಹಳ ಸಲ ಡಬ್ ಆವೃತ್ತಿ ಎಂಬುದು ಅವರ ಅನುಭವವಾಗಿತ್ತು. ಡಬ್‌ನಲ್ಲಿ ಗಾಯನದ ಚೂರುಗಳು ಮಾತ್ರ ಉಳಿದು, ಬಾಸ್ ಮತ್ತು ತಾಳ ಮುಂದೆ ಬರುತ್ತವೆ. ಹನ್ನೆರಡು ಇಂಚಿನ ಸಿಂಗಲ್ ಹುಟ್ಟಿದ್ದೇ ಡಿಜೆಗೆ ಇಂಥ ಅವಕಾಶವನ್ನು ಒದಗಿಸುವುದಕ್ಕಾಗಿ. 1976ರಲ್ಲಿ ಸಾಲ್‌ಸೋಲ್ ಸಂಸ್ಥೆ ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಹಾಡನ್ನು, ಡಿಜೆ ವಾಲ್ಟರ್ ಗಿಬ್ಬನ್ಸ್ ಹಿಗ್ಗಿಸಿದ ರೂಪದಲ್ಲಿ, ಸಾರ್ವಜನಿಕ ಮಾರಾಟಕ್ಕೆ ತಂದಾಗ ಆ ಪರಿಪಾಠಕ್ಕೆ ವಾಣಿಜ್ಯದ ನೆಲೆ ದೊರೆಯಿತು. ಇಂದಿನ ಕೆಲವು ಮರುಬಿಡುಗಡೆಗಳು ನಾಲ್ಕು ಬೇರೆ ಬೇರೆ ಹಾಡುಗಳನ್ನು ಒಂದೇ ತಟ್ಟೆಗೆ ತುಂಬಿಸಿ, ಡಬ್, ಇನ್‌ಸ್ಟ್ರುಮೆಂಟಲ್ (ಬರಿಯ ವಾದ್ಯ), ಅಕಪೆಲ್ಲಾ (ಬರಿಯ ಗಾಯನ) ಆವೃತ್ತಿಗಳನ್ನು ಕೈಬಿಡುತ್ತವೆ. ಮನೆಯಲ್ಲಿ ಕೇಳುವವರಿಗೆ ಅದು ಲಾಭದ ವ್ಯವಹಾರವಾಗಬಹುದು, ಕ್ಲಬ್ ಡಿಜೆಗೆ ಅಲ್ಲ ಎಂದೇ ನನ್ನ ಅಭಿಪ್ರಾಯ. ಆದ್ದರಿಂದ ಮೂಲ ಮುದ್ರಣದಲ್ಲಿದ್ದ ಯಾವ ಆವೃತ್ತಿ ಇದರಲ್ಲಿ ಇಲ್ಲ ಎಂಬುದನ್ನು ತಪ್ಪದೆ ಬರೆಯುತ್ತೇನೆ. ಇಲ್ಲದ್ದರ ಪಟ್ಟಿ ಮಾರಾಟಕ್ಕೆ ಅಡ್ಡಿಯಾದೀತು ಎಂಬ ಆತಂಕವನ್ನು ಕೆಲವು ಲೇಬಲ್‌ಗಳು, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆಗಳು, ವ್ಯಕ್ತಪಡಿಸುತ್ತವೆ. ಆದರೆ ಕೊಂಡ ಮೇಲೆ ಡಬ್ ಇಲ್ಲವೆಂದು ತಿಳಿದ ಡಿಜೆ ಮುಂದಿನ ಸಲ ನಮ್ಮ ಮಾತನ್ನು ನಂಬುವುದಿಲ್ಲ.

ಇನ್ನು ಕಟಿಂಗ್‌ನ, ಅಂದರೆ ಧ್ವನಿಯನ್ನು ತಟ್ಟೆಯ ಮೇಲೆ ಗೀರಾಗಿ ಕೊರೆಯುವ ಕೆಲಸದ ವಿಚಾರ. ಮಾದರಿ ತುಣುಕು ಸಾಮಾನ್ಯವಾಗಿ ಲೇಬಲ್ ಕಳುಹಿಸಿದ ಡಿಜಿಟಲ್ ಕಡತದಿಂದ ಬಂದಿರುತ್ತದೆ, ಡಿಜೆಯ ಕೈಗೆ ಹೋಗುವುದು ಪ್ಲಾಸ್ಟಿಕ್‌ನಲ್ಲಿ ಒತ್ತಿದ ಗೀರು. ಇವೆರಡರ ನಡುವೆ ಬಹಳ ಸಂಗತಿಗಳು ನಡೆದಿರುತ್ತವೆ. ಹನ್ನೆರಡು ಇಂಚಿನ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ, ಒಳ ಅಂಚಿಗೆ ಬರುವ ಹೊತ್ತಿಗೆ ಅದು ಸುಮಾರು 21 ಸೆಂಟಿಮೀಟರಿಗೆ ಇಳಿಯುತ್ತದೆ. 45 ಸುತ್ತಿನಲ್ಲಿ ಈ ಅಂಕಿಗಳು ಸುಮಾರು 69 ಮತ್ತು 28. ಒಂದು ಸೆಕೆಂಡಿನ ಸಂಗೀತಕ್ಕೆ ಹೆಚ್ಚು ಉದ್ದದ ಗೀರು ದೊರೆತಷ್ಟೂ ಹೈ-ಹ್ಯಾಟ್‌ನಂಥ ತೀಕ್ಷ್ಣ ಧ್ವನಿಗಳು ಸ್ಪಷ್ಟವಾಗಿ ಕೂರುತ್ತವೆ. ಅದೇ ಹೊತ್ತಿಗೆ ಜೋರಾದ ಬಾಸ್‌ಗೆ ಅಗಲವಾದ ಗೀರು ಬೇಕಾದ್ದರಿಂದ ಒಂದು ಬದಿಯಲ್ಲಿ ಹಿಡಿಸುವ ಕಾಲ ಕಡಿಮೆಯಾಗುತ್ತದೆ. ಕಾಲ, ಧ್ವನಿಮಟ್ಟ, ಬಾಸ್ ಈ ಮೂರರಲ್ಲಿ ಒಂದನ್ನು ಹೆಚ್ಚಿಸಿದರೆ ಮತ್ತೊಂದನ್ನು ಬಿಟ್ಟುಕೊಡಲೇಬೇಕು. ಹದಿನೈದು ನಿಮಿಷದ ಸಂಗೀತವನ್ನು ಒಂದೇ ಬದಿಗೆ ತುಂಬಿಸಿದ ರೆಕಾರ್ಡ್ ಮನೆಯ ಸ್ಪೀಕರಿನಲ್ಲಿ ಚೆನ್ನಾಗಿಯೇ ಕೇಳಿಸಬಹುದು. ಆದರೆ ಕ್ಲಬ್‌ನಲ್ಲಿ ಜೋರಾಗಿ ಕತ್ತರಿಸಿದ ರೆಕಾರ್ಡಿನ ಬಳಿಕ ಅದನ್ನು ಹಾಕಿದರೆ ಧ್ವನಿ ಕುಗ್ಗಿದಂತಾಗುತ್ತದೆ, ಮಿಕ್ಸರಿನಲ್ಲಿ ಮಟ್ಟ ಏರಿಸಿದರೆ ತಟ್ಟೆಯ ಗುಡುಗುಡು ಸದ್ದೂ ಜೊತೆಗೆ ಏರುತ್ತದೆ.

ಸೋಲ್‌ಫುಲ್ ಹೌಸ್‌ಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ, ಅದು ಕಂಠದ್ದು. ಗಾಯಕಿಯ ‘ಸ’ ಮತ್ತು ‘ಶ’ಕಾರಗಳಲ್ಲಿರುವ ಎತ್ತರದ ಆವರ್ತನಗಳನ್ನು ಗೀರಿನಲ್ಲಿ ಕೂರಿಸುವುದು ಕಷ್ಟ. ಬದಿಯ ಕೊನೆಯಲ್ಲಿ ಗೀರಿನ ವೇಗ ಇಳಿದಾಗ ಅವು ಉಗುಳಿದಂತೆ ಒಡೆದು ಕೇಳಿಸುತ್ತವೆ. ದುರದೃಷ್ಟವಶಾತ್ ಈ ಪ್ರಕಾರದ ಹಾಡುಗಳಲ್ಲಿ ಗಾಯನ ಉತ್ಕಟಕ್ಕೇರುವುದೂ ಸಾಮಾನ್ಯವಾಗಿ ಕೊನೆಯ ಮೂರನೆಯ ಭಾಗದಲ್ಲಿಯೇ. ಒಳ್ಳೆಯ ಕಟಿಂಗ್ ಎಂಜಿನಿಯರ್ ಇದನ್ನು ಅರಿತು ಆ ಅಕ್ಷರಗಳ ತೀಕ್ಷ್ಣತೆಯನ್ನಷ್ಟೇ ತಗ್ಗಿಸುತ್ತಾನೆ, ಕೆಳಮಟ್ಟದ ಬಾಸನ್ನು ಎರಡು ಚಾನೆಲ್‌ಗಳಿಗೂ ಸಮನಾಗಿಸಿ ಸೂಜಿ ಮೇಲೆ ಕೆಳಗೆ ಜಿಗಿಯದಂತೆ ನೋಡಿಕೊಳ್ಳುತ್ತಾನೆ, ಒಳ ಅಂಚಿಗೆ ಮುಂಚೆಯೇ ಹಾಡನ್ನು ಮುಗಿಸುತ್ತಾನೆ. ಅವಸರದ ಕಟಿಂಗ್‌ನಲ್ಲಿ ಇಡೀ ಹಾಡಿನ ಮೇಲ್ಪದರವನ್ನೇ ಮಂಕಾಗಿಸಿರುತ್ತಾರೆ, ಆಗ ಕಂಠದ ಉಸಿರು ಹೋಗಿಬಿಡುತ್ತದೆ. ಪರೀಕ್ಷಾ ಮುದ್ರಣ ಕೈಗೆ ಬಂದಾಗ ನಾನು ಮೊದಲು ಸೂಜಿ ಇಡುವುದು ಬದಿಯ ಕೊನೆಯ ಎರಡು ನಿಮಿಷಗಳ ಮೇಲೆ. ಅಲ್ಲಿ ಕಂಠ ಸ್ವಚ್ಛವಾಗಿದ್ದರೆ ಉಳಿದದ್ದರ ಬಗ್ಗೆ ಬಹುಮಟ್ಟಿಗೆ ನಿಶ್ಚಿಂತೆಯಿಂದಿರಬಹುದು.

ಮರುಬಿಡುಗಡೆಯಾದರೆ ಇದಕ್ಕೂ ಹಿಂದಿನ ಪ್ರಶ್ನೆಯೊಂದಿದೆ: ಧ್ವನಿಯನ್ನು ಯಾವುದರಿಂದ ತೆಗೆದರು? ‘ಮೂಲ ಟೇಪಿನಿಂದ’ ಎಂಬ ಮಾತು ಅಂಟುಚೀಟಿಯ ಮೇಲೆ ಸುಲಭವಾಗಿ ಅಚ್ಚಾಗುತ್ತದೆ. 80ರ ದಶಕದ ಅನಲಾಗ್ ಟೇಪುಗಳಲ್ಲಿ ಕೆಲವು ತಯಾರಿಕೆಗಳ ಅಂಟುಪದರ ತೇವ ಹೀರಿ ಜಿಗುಟಾಗುತ್ತದೆ. ಅವನ್ನು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಹದವಾಗಿ ಕಾಯಿಸಿದ ಬಳಿಕವಷ್ಟೇ ನುಡಿಸಲು ಸಾಧ್ಯ. 1987ರಲ್ಲಿ ಬಂದ ಡ್ಯಾಟ್ (ಡಿಜಿಟಲ್ ಧ್ವನಿಟೇಪ್) ಕ್ಯಾಸೆಟ್‌ಗಳು 90ರ ದಶಕದ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಹೌಸ್ ಸಂಗೀತದ ಪಾಲಿಗೆ ಬಹು ಮುಖ್ಯವಾದ ಮಾಸ್ಟರ್ ಮಾಧ್ಯಮವಾಗಿದ್ದವು, ಅವುಗಳಲ್ಲಿ ದೋಷ ಉಂಟಾದರೆ ಧ್ವನಿ ನಡುವೆ ಕಡಿದೇ ಹೋಗುತ್ತದೆ. ಟೇಪ್ ಸಿಗದಿದ್ದಾಗ ಹಳೆಯ ರೆಕಾರ್ಡನ್ನೇ ನುಡಿಸಿ ಧ್ವನಿ ತೆಗೆದು, ಚಟಪಟ ಸದ್ದನ್ನು ಅಳಿಸುತ್ತಾರೆ. ಅದು ತನ್ನಷ್ಟಕ್ಕೆ ಅಪರಾಧವಲ್ಲ. ಸ್ವಚ್ಛ ಪ್ರತಿಯಿಂದ ಎಚ್ಚರಿಕೆಯಿಂದ ಮಾಡಿದ ಕೆಲಸ, ಹಾಳಾದ ಟೇಪಿನಿಂದ ಮಾಡಿದ್ದಕ್ಕಿಂತ ಮೇಲಾಗಿರುವುದನ್ನು ಕೇಳಿದ್ದೇನೆ. ಷಿಕಾಗೋದ ಟ್ರ್ಯಾಕ್ಸ್ ಸಂಸ್ಥೆಯ ಮೂಲ ಮುದ್ರಣಗಳು ಕಳಪೆ ವಿನೈಲ್‌ಗೆ ಹೆಸರಾಗಿದ್ದವು, ಆದ್ದರಿಂದ ಅಂಥ ಪ್ರತಿಗಿಂತ ಚೆನ್ನಾಗಿ ಕೇಳಿಸುವ ಮರುಮುದ್ರಣ ದೊರೆತರೆ ಅದನ್ನು ಗಟ್ಟಿಯಾಗಿಯೇ ಹೇಳಬೇಕು. ನಾನು ಲೇಬಲ್‌ಗೆ ಪತ್ರ ಬರೆದು ಮೂಲ ಯಾವುದೆಂದು ಕೇಳುತ್ತೇನೆ. ಉತ್ತರ ಬಂದರೆ ಟಿಪ್ಪಣಿಯಲ್ಲಿ ಸೇರಿಸುತ್ತೇನೆ, ಬಾರದಿದ್ದರೆ ಮೂಲದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ.

ಹಕ್ಕಿನ ಪ್ರಶ್ನೆಯನ್ನು ನಾನು ಇದಕ್ಕಿಂತಲೂ ಗಂಭೀರವಾಗಿ ನೋಡುತ್ತೇನೆ. ಲ್ಯಾರಿ ಹರ್ಡ್ ಅವರು ಮಿಸ್ಟರ್ ಫಿಂಗರ್ಸ್ ಎಂಬ ಹೆಸರಿನಲ್ಲಿ 1986ರಲ್ಲಿ ಹೊರತಂದ ‘ಕ್ಯಾನ್ ಯು ಫೀಲ್ ಇಟ್’ ಈ ಸಂಗೀತದ ಆಧಾರಸ್ತಂಭಗಳಲ್ಲಿ ಒಂದು. ಅವರೂ ಗಾಯಕ ರಾಬರ್ಟ್ ಓವೆನ್ಸ್ ಅವರೂ ತಮ್ಮ ಹಾಡುಗಳ ಹಕ್ಕಿಗಾಗಿ ಟ್ರ್ಯಾಕ್ಸ್ ವಿರುದ್ಧ 2020ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು, 2022ರ ಒಪ್ಪಂದದಲ್ಲಿ ಆ ಹಕ್ಕುಗಳು ಅವರಿಗೆ ಮರಳಿದವು. ಮೂರು ದಶಕಕ್ಕೂ ಹೆಚ್ಚು ಕಾಲ ಜಗತ್ತಿನ ಕ್ಲಬ್‌ಗಳನ್ನು ಕುಣಿಸಿದ ಸಂಗೀತವನ್ನು ಕಟ್ಟಿದವರಿಗೇ ಅದು ಸೇರಿರಲಿಲ್ಲ ಎಂಬುದನ್ನು ನೆನೆದರೆ, ನಡುವೆ ಖಾಲಿ ಬಿಳಿ ಚೀಟಿ ಹಚ್ಚಿಕೊಂಡು ಹೆಸರಿಲ್ಲದೆ ಬರುವ ‘ಮರುಬಿಡುಗಡೆ’ಯನ್ನು ಎಷ್ಟೇ ಬೇಡಿಕೆಯಿದ್ದರೂ ತರಿಸಲು ಮನಸ್ಸು ಒಪ್ಪುವುದಿಲ್ಲ. ಪರವಾನಗಿ ಯಾರಿಂದ, ಕಲಾವಿದರ ಒಪ್ಪಿಗೆ ಇದೆಯೇ ಎಂಬುದನ್ನು ತಿಳಿದುಕೊಂಡು, ಇದ್ದಾಗ ಅದನ್ನು ಟಿಪ್ಪಣಿಯಲ್ಲಿ ದಾಖಲಿಸುವ ಅಭ್ಯಾಸವನ್ನು ನಮ್ಮ ವಿಭಾಗದಲ್ಲಿ ರೂಢಿಗೆ ತಂದಿದ್ದೇವೆ. ಕೊಳ್ಳುವವರು ಈ ಸಾಲನ್ನು ಓದುತ್ತಾರೆ ಎಂಬುದಕ್ಕೆ ಅವರು ಬರೆಯುವ ಪತ್ರಗಳೇ ಸಾಕ್ಷಿ.

ಹೊಸ ರೆಕಾರ್ಡ್‌ಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಮೂಲದ ಗೊಂದಲವಿಲ್ಲ, ಹಕ್ಕಿನ ಇತಿಹಾಸವಿಲ್ಲ. ಕೆರಿ ಚಾಂಡ್ಲರ್ ಅಥವಾ ಲೂಯಿ ವೇಗಾ ಅವರಂಥ ಹೆಸರಾಂತ ಹೌಸ್ ನಿರ್ಮಾಪಕರ ಹೆಸರಿದ್ದರೆ ಅದೇ ಅರ್ಧ ಟಿಪ್ಪಣಿಯ ಕೆಲಸ ಮಾಡುತ್ತದೆ. ಹೆಸರು ಕೇಳದವರ ಮೊದಲ ರೆಕಾರ್ಡ್‌ಗೆ ಹೆಚ್ಚು ಸಾಲುಗಳನ್ನು ಮೀಸಲಿಡುವುದು ನ್ಯಾಯವೆಂದು ನಾನು ನಂಬುತ್ತೇನೆ. ಇಲ್ಲಿ ಮುಖ್ಯವಾಗುವುದು ಕಾಲ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಕಟಿಂಗ್‌ಗೆ ಬೇಕಾದ ಲ್ಯಾಕರ್ ತಟ್ಟೆಗಳ ಪೂರೈಕೆ ಬಹುಮಟ್ಟಿಗೆ ಜಪಾನಿನ ಒಂದೇ ತಯಾರಕರನ್ನು ಅವಲಂಬಿಸಬೇಕಾಯಿತು. ಆ ಬಳಿಕದ ವರ್ಷಗಳಲ್ಲಿ ಬೇಡಿಕೆಯೂ ಏರಿ, ಮುದ್ರಣದ ಸರದಿ ತಿಂಗಳುಗಟ್ಟಲೆ ಉದ್ದವಾಯಿತು. ಹಾಗಾಗಿ ಡಿಜಿಟಲ್ ಕಡತ ಕೇಳಿ ಮುಂಗಡ ಬೇಡಿಕೆ ಪಡೆಯುವುದು ಅನಿವಾರ್ಯವಾಗಿದೆ. ಆ ಹಂತದಲ್ಲಿ ನಾನು ಬರೆಯುವ ಟಿಪ್ಪಣಿಯ ಕೆಳಗೆ ‘ಕಡತದಿಂದ ಕೇಳಿದ್ದು’ ಎಂದು ನಮೂದಿಸುತ್ತೇನೆ, ಮುದ್ರಿತ ಪ್ರತಿ ಬಂದ ಮೇಲೆ ಕಟಿಂಗ್‌ನ ಮಾತನ್ನು ಸೇರಿಸಿ ಆ ನಮೂದನ್ನು ತೆಗೆಯುತ್ತೇನೆ.

ಮರುಮುದ್ರಣಕ್ಕೆ ಹೋದ ರೆಕಾರ್ಡ್‌ಗಳಿಗೂ ಇದೇ ಕ್ರಮ. ಗೀರು ಮುಗಿದು ನಡುವಿನ ಕಾಗದದ ಚೀಟಿ ಆರಂಭವಾಗುವ ಮುಂಚಿನ ಖಾಲಿ ಪಟ್ಟಿಯಲ್ಲಿ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಮೊದಲ ಮುದ್ರಣದ್ದರೊಂದಿಗೆ ಹೋಲಿಸಿ ನೋಡುತ್ತೇನೆ. ಸಂಖ್ಯೆಯೂ ಎಂಜಿನಿಯರಿನ ಗುರುತೂ ಒಂದೇ ಆಗಿದ್ದರೆ ಸಾಮಾನ್ಯವಾಗಿ ಅದೇ ಕಟಿಂಗ್ ಎಂದು ಹಳೆಯ ಟಿಪ್ಪಣಿಯನ್ನು ಉಳಿಸುತ್ತೇನೆ. ಬೇರೆಯಾಗಿದ್ದರೆ ಅದು ಹೊಸದಾಗಿ ಕತ್ತರಿಸಿದ ರೆಕಾರ್ಡ್, ಹೆಸರೂ ಚಿತ್ರವೂ ಮೊದಲಿನದ್ದೇ ಇದ್ದರೂ ಎರಡೂ ಬದಿಗಳನ್ನು ಪುನಃ ಪೂರ್ತಿಯಾಗಿ ಕೇಳಿ ಬರೆಯಬೇಕಾಗುತ್ತದೆ.