ಪಾಳಿ ಮಂದಿಯ ಊಟ: ಶಹಾಬಾದ್, ವಾಡಿ

ಕಲಬುರಗಿಯಿಂದ ವಾಡಿಯ ಕಡೆ ಹೊರಟ ಪ್ಯಾಸೆಂಜರ್ ರೈಲು ಶಹಾಬಾದ್ ಸಮೀಪಿಸುತ್ತಿದ್ದಂತೆ ಫರಸಿ ಕಲ್ಲಿನ ಅಟ್ಟಿಗಳು ಕಾಣತೊಡಗುತ್ತವೆ. ಪದರು ಪದರಾಗಿ ಏಳುವ ಇಲ್ಲಿಯ ಸುಣ್ಣದಕಲ್ಲು ಮನೆಗಳ ನೆಲಕ್ಕೂ ಸಿಮೆಂಟಿಗೂ ಒದಗಿದ್ದರಿಂದ ಈ ಸೀಮೆಯಲ್ಲಿ ಗಣಿಗಳು ತೆರೆದವು, ಕಾರ್ಖಾನೆಗಳು ನಿಂತವು, ಅವುಗಳ ಬೆನ್ನಿಗೇ ಖಾನಾವಳಿಗಳೂ ಬಂದವು. ನಾನು ಹೊರಟಿದ್ದು ಆ ಖಾನಾವಳಿಗಳಲ್ಲಿ ಉಣ್ಣಲು.

ವಾಡಿ ಜಂಕ್ಷನ್ನಿನ ಹೊರಗೆ, ತಗಡಿನ ಮಾಡಿನ ಕೆಳಗೆ, ಒಬ್ಬ ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಬೆಂದ ಮೇಲೆ ಒಲೆಯ ಸುತ್ತ ನಿಲ್ಲಿಸಿ ಕಡಕ್ ಆಗಲು ಬಿಡುತ್ತಿದ್ದರು. ಬಿಸಿ ರೊಟ್ಟಿಯನ್ನೇ ಏಕೆ ಕೊಡುವುದಿಲ್ಲವೆಂದು ಕೇಳಿದೆ. "ಭೋಂಗಾ ಆತಂದ್ರ ಮಂದಿ ಒಮ್ಮೆಲೇ ಬರ್ತಾರ್ರಿ ಅಣ್ಣಾರ, ಎಲ್ಲಾರಿಗೂ ಬಿಸಿದು ಹ್ಯಾಂಗ ಬಡೀಲಿ?" ಎಂದರು. ಭೋಂಗಾ ಎಂದರೆ ಪಾಳಿ ಬದಲಾದಾಗ ಕೂಗುವ ಕಾರ್ಖಾನೆಯ ಸೈರನ್. ತಾಟಿನಲ್ಲಿ ಕಡಕ್ ರೊಟ್ಟಿ, ಪುಂಡಿ ಸೊಪ್ಪಿನ ಪುಂಡಿಪಲ್ಯ, ಶೇಂಗಾ ಹಿಂಡಿ (ಕಡಲೆಕಾಯಿಯ ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ ಇದ್ದವು. ಹುಳಿಯಾದ ಪುಂಡಿಪಲ್ಯ ಬೇಗ ಹಳಸುವುದಿಲ್ಲ. ನೀರಿನಂಶವಿಲ್ಲದ ಹಿಂಡಿಯಂತೂ ವಾರಗಟ್ಟಲೆ ಇರುತ್ತದೆ. ರಾತ್ರಿ ಪಾಳಿಯ ಡಬ್ಬಿಗೆ ಇವೇ ಸರಿ.

ಕಡಕ್ ರೊಟ್ಟಿ ಕಾರ್ಖಾನೆಯ ಕೊಡುಗೆ ಎಂದು ಅಲ್ಲಿ ಕುಳಿತಿದ್ದವರೊಬ್ಬರು ಹೇಳಿದ್ದನ್ನು ನಾನು ಒಪ್ಪಲಿಲ್ಲ. ಅದು ಹೊಲದ ಬುತ್ತಿಯಿಂದಲೇ ಬಂದದ್ದು. ಕಾರ್ಖಾನೆ ಮಾಡಿದ್ದು ಬೇರೆ: ಮನೆಯ ಅಡುಗೆಯನ್ನು ದುಡ್ಡಿಗೆ ಉಣ್ಣುವ ಊಟವಾಗಿಸಿ, ಬಡಿಯುವ ಕೈಗೆ ಸಂಪಾದನೆ ತಂದಿತು. ಮುಂಬೈಯ ಬಟ್ಟೆ ಗಿರಣಿಗಳ ಸುತ್ತಲೂ ಹೀಗೆಯೇ ಆಯಿತು. ಊರಿನಲ್ಲಿ ಸಂಸಾರ ಬಿಟ್ಟು ಬಂದ ಕಾರ್ಮಿಕರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಖಾನಾವಳಿ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಗ್ಗೂಡಿಸಿದರು. ಮುಂಬೈ ಕಡೆಯಿಂದ ಬಂದ ರೈಲು ಹಳಿ 1871ರಲ್ಲೇ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯನ್ನು ಕೂಡಿತ್ತು. ಕೆಲಸ ಹುಡುಕಿ ಸೊಲ್ಲಾಪುರ, ಮುಂಬೈಗೆ ಹೋದ ನಮ್ಮ ಸೀಮೆಯವರು ಹಿಂಡಿಯ ಡಬ್ಬಿ ಹಿಡಿದು ಹತ್ತಿದ್ದು ಇದೇ ದಾರಿಯ ಗಾಡಿಗಳನ್ನು.

ಮರಳುವಾಗ ಕಲಬುರಗಿಯ ಎಂ.ಎಸ್.ಕೆ. ಮಿಲ್ ಪ್ರದೇಶದಲ್ಲಿ ಇಳಿದು ನಡೆದೆ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರು ಹೊತ್ತಿದ್ದ ಆ ಬಟ್ಟೆ ಗಿರಣಿ ಮುಚ್ಚಿ ವರ್ಷಗಳೇ ಕಳೆದಿವೆ. ಬೀದಿಯಲ್ಲಿ ಬೆಳಗಿನ ತಹರಿ (ಮಸಾಲೆ ಅನ್ನ) ಮಾತ್ರ ಹಬೆಯಾಡುತ್ತಿತ್ತು. ಚೆನ್ನಾಗಿತ್ತು, ಎಣ್ಣೆ ತುಸು ಜಾಸ್ತಿ.

ವಾಡಿಯ ಆ ತಾಯಿ ಈಗ ದೊಡ್ಡ ಪಾತ್ರೆಯಲ್ಲಿ ಅನ್ನವನ್ನೂ ಬೇಯಿಸುತ್ತಾರೆ. ಗುತ್ತಿಗೆ ಕೆಲಸಕ್ಕೆ ಉತ್ತರದಿಂದ ಬಂದ ಹುಡುಗರಿಗೆ ಜೋಳ ಒಗ್ಗುವುದಿಲ್ಲವಂತೆ. ಆದರೂ ಅನ್ನ, ಬೇಳೆಯ ಪಕ್ಕಕ್ಕೆ ಅವರೇ ಕೇಳಿ ಹಾಕಿಸಿಕೊಳ್ಳುವುದು ಶೇಂಗಾ ಹಿಂಡಿಯನ್ನು.