ಮೂಗು ಕಟ್ಟಿದರೆ ಕಾಫಿ ಸಪ್ಪೆ ಯಾಕೆ?

ಕೊಡಗಿನ ಮಳೆಗಾಲದ ನೆಗಡಿಯಲ್ಲಿ ಬೆಲ್ಲದ ಕಾಫಿಯೂ ಬರೀ ಸಿಹಿ-ಕಹಿ ನೀರು. ಪುಡಿಯನ್ನು ಬೈಯಬೇಡಿ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಮಾಂಸದ ಸಾರು, ಅಣಬೆಯಲ್ಲಿ ಸಿಗುವ ಉಮಾಮಿ ಎಂಬ ರುಚಿ, ಅಷ್ಟೇ. ಕಾಫಿಯ ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಕಣ್ಣುಗುಳಿಗಳ ಮೇಲಿರುವ ಆರ್ಬಿಟೊಫ್ರಂಟಲ್ ಕಾರ್ಟೆಕ್ಸ್ ಎಂಬ ಮೆದುಳಿನ ಭಾಗದಲ್ಲಿ ರುಚಿ, ಘಮ ಎರಡೂ ಬೆರೆಯುತ್ತವೆ. ಕಾಫಿ ತಾಗುವುದು ನಾಲಿಗೆಗೆ ತಾನೇ, ಹಾಗಾಗಿ ಮೆದುಳು ಆ ಘಮವನ್ನೂ ಬಾಯಿಯ ಲೆಕ್ಕಕ್ಕೇ ಬರೆದುಬಿಡುತ್ತದೆ!

ನಿಮ್ಮ ತೋಟದ ಅರೇಬಿಕಾದಲ್ಲೇ ನೋಡಿ. 8.25 ಗ್ರಾಂ ತರಿ ಪುಡಿಗೆ ಸುಮಾರು 93 ಡಿಗ್ರಿಯ 150 ಮಿ.ಲೀ. ನೀರು ಹೊಯ್ದು 4 ನಿಮಿಷ ಬಿಡಿ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ನೊರೆ ತೆಗೆಯಿರಿ. ಬಿಸಿ ಇಳಿದ ಮೇಲೆ ಮೂಗು ಹಿಡಿದು ಒಂದು ಗುಟುಕು ಬಾಯಿಗೆ ಹಾಕಿ: ಹುಳಿ, ಕಹಿ, ಅಷ್ಟೇ. ನುಂಗಿ, ಬೆರಳು ಬಿಟ್ಟು, ಮೂಗಿನಿಂದ ಉಸಿರು ಬಿಡಿ. ಕಾಫಿ ಆಗ ಬರುತ್ತದೆ. ನುಂಗುವ ಮೊದಲೇ ಬೆರಳು ಸಡಿಲಾದರೆ ವ್ಯತ್ಯಾಸ ಸಿಗುವುದಿಲ್ಲ. ಪಕ್ಕದಲ್ಲಿ ಊದುಬತ್ತಿಯೂ ಬೇಡ. ರುಚಿ ನೋಡುವವರು ಸೊರ್ರೆಂದು ಹೀರುವುದೂ ಇದಕ್ಕೇ, ಹನಿ ಚದುರಿದರೆ ಘಮ ಬೇಗ ಮೇಲೇರುತ್ತದೆ.

ಮನೆಯ ಹಿರಿಯರು "ಬಾಯಿಗೆ ರುಚಿಯೇ ಇಲ್ಲ" ಅಂದಾಗ ಉಪ್ಪು-ಖಾರ ಹೆಚ್ಚಿಸುವ ಮೊದಲು ಅವರ ಮೂಗನ್ನು ವಿಚಾರಿಸಬೇಕು ಅನಿಸುತ್ತದೆ. ವಯಸ್ಸಾದಂತೆ ಮೊದಲು ಮಂಕಾಗುವುದು ಹೆಚ್ಚಾಗಿ ಅದೇ.